‘ಕರಪಾ’ ಎಂಬ ಒಂದೇ ಹೆಸರಿನೊಳಗೆ

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದ ನನಗೆ ಬೆಳೆರೋಗವೆಂದರೆ ಕೊಳೆ, ಮದ್ದೆಂದರೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಪುಣೆಯಲ್ಲಿ ನೆಲೆಸಿದ ಮೇಲೆ ಪಾಂಚಗಣಿಯ ಬಳಿ 10 ಗುಂಟೆ ಗೇಣಿಗೆ ಹಿಡಿದು ಸ್ಟ್ರಾಬೆರಿ ಹಾಕಿದೆ. ಎಲೆಯಲ್ಲಿ ಚುಕ್ಕೆ ಬಿದ್ದರೂ ಅಂಚು ಸುಟ್ಟಂತಾದರೂ ಅಲ್ಲಿಯ ರೈತರು ‘ಕರಪಾ’ ಎನ್ನುತ್ತಿದ್ದರು. ನಾನೂ ಎಲ್ಲಕ್ಕೂ ಒಂದೇ ಔಷಧ ಹೊಡೆಯುತ್ತಿದ್ದೆ.

ಎರಡನೆಯ ವರ್ಷದ ನವೆಂಬರಿನಲ್ಲಿ ಕೆಲವು ಗಿಡಗಳು ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳತೊಡಗಿದವು. ನೀರು ಸಾಲದೆಂದು ಹನಿ ನೀರಾವರಿಯ ಅವಧಿ ಹೆಚ್ಚಿಸಿದೆ. ವಾರದಲ್ಲಿ ಅವು ಸತ್ತವು. ಒಂದನ್ನು ಕಿತ್ತು ಬುಡವನ್ನು ಉದ್ದಕ್ಕೆ ಸೀಳಿದಾಗ, ಬೆಳ್ಳಗಿರಬೇಕಾದ ತಿರುಳಿನಲ್ಲಿ ಕೆಂಗಂದು ಗೆರೆಗಳು ಹರಡಿದ್ದವು. ನೋಡಬೇಕಾದದ್ದು ಬುಡದಲ್ಲಿತ್ತು, ನಾನು ಎಲೆಯನ್ನಷ್ಟೇ ನೋಡುತ್ತಿದ್ದೆ.

ಅಂದಿನಿಂದ ಮಾದರಿಗಳನ್ನು ಪುಣೆಯ ಮನೆಗೆ ತಂದು, ಒದ್ದೆ ಕಾಗದ ಹಾಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಮೂರು ದಿನ ಮುಚ್ಚಿಡುತ್ತೇನೆ. (ಮುಚ್ಚಳದ ಮೇಲೆ ‘ತಿನ್ನುವುದಕ್ಕಲ್ಲ’ ಎಂದು ಬರೆಯಬೇಕಾಯಿತು.) ಚಿಬ್ಬು ರೋಗವಾದರೆ ಕೊಳೆತ ಭಾಗದ ಮೇಲೆ ಕೇಸರಿ ಬಣ್ಣದ ಅಂಟು ಹನಿಗಳು ಏಳುತ್ತವೆ. ಬೊಟ್ರೈಟಿಸ್ ಎಂಬ ಶಿಲೀಂಧ್ರವಾದರೆ ಬೂದುಬಣ್ಣದ ಬೂಷ್ಟು ಬೆಳೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದರ ಬೀಜಕಣಗಳು ದ್ರಾಕ್ಷಿ ಗೊಂಚಲಿನಂತೆಯೇ ತೂಗುತ್ತವೆ.

ಎಲೆಗಳಿಗೆ ಡಬ್ಬಿಯ ಅಗತ್ಯ ಕಡಿಮೆ. ನೇರಳೆ ಅಂಚಿನ ಚುಕ್ಕೆಯ ನಡುಭಾಗ ಬೆಳ್ಳಗಾದರೆ ಎಲೆಚುಕ್ಕೆ ರೋಗ. ನಡುವೆ ಬಿಳುಪಿಲ್ಲದೆ ನೇರಳೆ ಕಲೆಗಳೇ ಕೂಡಿಕೊಂಡು ಎಲೆ ಒಣಗಿದರೆ ಡಿಪ್ಲೊಕಾರ್ಪಾನ್ ಶಿಲೀಂಧ್ರದ ಎಲೆಸುಡು ರೋಗ. ಅಂಚಿನಿಂದ ನಡುನರದತ್ತ ಚೂಪಾಗುತ್ತಾ ಸಾಗುವ ಕಂದು ಬೆಣೆಯಾಕಾರ ಕಂಡರೆ ಫೊಮಾಪ್ಸಿಸ್ ಶಿಲೀಂಧ್ರದ ಅಂಗಮಾರಿ. ನರಗಳ ನಡುವಿನ ಕೋನಾಕಾರದ ಚುಕ್ಕೆಗಳು ಬೆಳಕಿಗೆ ಹಿಡಿದಾಗ ಎಣ್ಣೆ ಕಾಗದದಂತೆ ಅರೆಪಾರದರ್ಶಕವಾದರೆ ಅದು ಶಿಲೀಂಧ್ರವೇ ಅಲ್ಲ, ಬ್ಯಾಕ್ಟೀರಿಯಾ. ಬೂದುರೋಗವನ್ನು ಮಾತ್ರ ಅಲ್ಲಿಯವರು ‘ಭುರಿ’ ಎಂದು ಬೇರೆಯಾಗಿಯೇ ಗುರುತಿಸುತ್ತಾರೆ. ಅದರಲ್ಲಿ ಎಲೆಯ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ.

ಈ ವರ್ಷ ಒಂದು ಮೂಲೆಯ ಹಣ್ಣುಗಳು ತೊಗಲಿನಂತೆ ಬಿರುಸಾಗಿ, ಬಾಯಿಗಿಟ್ಟರೆ ಕಹಿಯಾಗಿದ್ದವು. ಅದು ಫೈಟಾಫ್ತೊರಾ ಎಂಬ ರೋಗಾಣುವಿನ ಕೆಲಸ: ನಮ್ಮ ಅಡಿಕೆಯ ಕೊಳೆಯನ್ನು ತರುವುದೂ ಇದೇ ಕುಲ. ಶಿಲೀಂಧ್ರದಂತೆ ಕಂಡರೂ ವರ್ಗೀಕರಣದಲ್ಲಿ ಇದು ಬೇರೆ ಗುಂಪಿನದಾದ್ದರಿಂದ ರೋಗಗಳನ್ನು ಬರೆದಿಡುವ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇದಕ್ಕೆ ಪ್ರತ್ಯೇಕ ಪುಟ ಕೊಟ್ಟಿದ್ದೇನೆ. ಆ ಮೂಲೆಯಲ್ಲಿ ಗಿಡದ ಬುಡಕ್ಕೆ ಮಣ್ಣಿನ ಮೇಲೆ ಹಾಸುವ ಮಲ್ಚಿಂಗ್ ಹಾಳೆ ಹರಿದು ಹಣ್ಣುಗಳು ನಿಂತ ನೀರಿಗೆ ತಾಗುತ್ತಿದ್ದವು. ಮೊದಲು ಬಸಿಗಾಲುವೆ ಬಿಡಿಸಿ, ಹೊಸ ಹಾಳೆ ಹಾಸಿದೆ.