ಬ್ರಾಕೆಟ್ ಹೊರಗಿನ 3: ಸಮೀಕರಣದ ಲೆಕ್ಕ ಸರಿಹೋದ ಬಗೆ

ಗಂಗಾವತಿಯಲ್ಲಿ ಎಂಟನೇ ತರಗತಿ ಓದುವ ಅಣ್ಣನ ಮಗಳಿಗೆ ಸಮೀಕರಣದ ಉತ್ತರ ಪದೇ ಪದೇ ತಪ್ಪುತ್ತಿತ್ತು. ಲೆಕ್ಕ ಇದು: 3(ಕ − 4) = ಕ + 10. ಅವಳಿಗೆ ಬಂದ ಉತ್ತರ 7.

ನಾನು ಮೊದಲು ಹೇಳಿದ್ದು, ಆ 7 ಅನ್ನು ಕ ಇದ್ದ ಕಡೆ ಹಾಕಿ ನೋಡು ಅಂತ. ಎಡಗಡೆ 9 ಬಂತು, ಬಲಗಡೆ 17. ಎರಡೂ ಸಮ ಇಲ್ಲ, ಅಲ್ವಾ? ತಪ್ಪಿದೆ ಅಂತ ಅವಳಿಗೇ ಗೊತ್ತಾಯಿತು. ಈ ತಾಳೆ ನೋಡುವ ಅಭ್ಯಾಸ ಯಾವ ಗೈಡಿಗಿಂತಲೂ ಜಾಸ್ತಿ ಉಪಯೋಗ.

ತಪ್ಪು ಬ್ರಾಕೆಟ್‌ನಲ್ಲಿತ್ತು. ಹೊರಗಿನ 3 ಬರೀ ಕ-ಗೆ ಗುಣಿಸಿ, 4 ಅನ್ನು ಹಾಗೇ ಬಿಟ್ಟಿದ್ದಳು. ಮೂರು ಅಕ್ಕಿ ಚೀಲ, ಒಂದೊಂದರಿಂದ 4 ಕೆಜಿ ತೆಗೆದರೆ ಒಟ್ಟು ಎಷ್ಟು ಹೋಯಿತು ಅಂತ ಕೇಳಿದೆ. 'ಹನ್ನೆರಡು' ಅಂದಳು, ತಕ್ಷಣ ಪೆನ್ಸಿಲ್ ಎತ್ತಿಕೊಂಡಳು.

3ಕ − 12 = ಕ + 10. 'ಆ ಕಡೆ ಹೋದರೆ ಚಿಹ್ನೆ ಬದಲು' ಅನ್ನೋದನ್ನು ಸದ್ಯಕ್ಕೆ ಬಿಡಿಸಿದೆ. ಎರಡೂ ಕಡೆ ಕ ಕಳೆ, ಎರಡೂ ಕಡೆ 12 ಕೂಡು. 2ಕ = 22, ಕ = 11. ತಾಳೆ: 21, 21.

−12ರಂಥ ಋಣ ಸಂಖ್ಯೆಯ ನಿಯಮಗಳನ್ನು ನಮ್ಮ ದೇಶದ ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಬರೆದಿಟ್ಟಿದ್ದ ಅಂತ ಹೇಳಿದಾಗ ಅವಳಿಗೆ ಖುಷಿಯಾಯಿತು.

ಅಸಮತೆಯಲ್ಲಿ, ಅಂದರೆ ಸಮ ಚಿಹ್ನೆಯ ಬದಲು ಹೆಚ್ಚು-ಕಡಿಮೆ ತೋರಿಸುವ ಚಿಹ್ನೆ ಇರುವ ಲೆಕ್ಕದಲ್ಲಿ, ಮಾತ್ರ ಒಂದು ಎಚ್ಚರ ಬೇಕು. −2ಕ < 6 ಇದ್ದಾಗ −2ರಿಂದ ಭಾಗಿಸಿದರೆ ಚಿಹ್ನೆ ತಿರುಗಿ ಕ > −3 ಆಗುತ್ತದೆ. ಸಂಶಯ ಬಂದರೆ ಇಲ್ಲೂ ಸುಮ್ನೆ 0 ಹಾಕಿ ನೋಡಿ.