ಕೈಯಳತೆಯಿಂದ ತಕ್ಕಡಿಗೆ: ಅಡುಗೆ ಓದಿ ಉದ್ಯೋಗ ಮಾಡಿಕೊಂಡ ಅನುಭವ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಆಲೂರು, ಸಕಲೇಶಪುರ ಕಡೆಯ ತಂದೆ ತಾಯಿಯರು ನನಗೆ ಫೋನ್ ಮಾಡುತ್ತಾರೆ. ಮಗನಿಗೋ ಮಗಳಿಗೋ ಅಡುಗೆಯಲ್ಲಿ ಆಸಕ್ತಿ ಇದೆ, ಅದನ್ನೇ ಓದಿಸಬಹುದೇ, ಓದಿದರೆ ಏನು ಕೆಲಸ ಸಿಗುತ್ತದೆ ಎಂದು ಕೇಳುತ್ತಾರೆ. ನಾನು ಅವರನ್ನು ಮೊದಲು ಕೇಳುವುದು ಬೇರೆಯೇ ಪ್ರಶ್ನೆ. ಒಂದೇ ಅಡುಗೆಯನ್ನು ದಿನವೂ, ಅದೇ ರುಚಿಯಲ್ಲಿ, ಗುರುತು ಪರಿಚಯವಿಲ್ಲದ ನೂರು ಜನರಿಗೆ ಮಾಡಿ ಕಳಿಸುವುದರಲ್ಲಿ ನಿಮ್ಮ ಮಗುವಿಗೆ ಖುಷಿ ಸಿಗುತ್ತದೆಯೇ? ನೆಂಟರು ಬಂದಾಗ ರುಚಿಯಾಗಿ ಅಡುಗೆ ಮಾಡುವುದು ಒಂದು, ಇದು ಇನ್ನೊಂದು. ಪಾಕಶಾಸ್ತ್ರದ ಓದು ಕಲಿಸುವುದು ಈ ಎರಡನೆಯದನ್ನು. ಅದರ ಜೀವಾಳ ಅಳತೆ. ತೂಕ, ಹೊತ್ತು, ಶಾಖ, ಖರ್ಚು, ಈ ನಾಲ್ಕರ ಅಳತೆ.

ನನಗೆ ಇದು ಕಾಲೇಜಿಗೂ ಮೊದಲೇ ಸ್ವಲ್ಪ ಗೊತ್ತಾಗಿತ್ತು. ನನ್ನ ಸೋದರಮಾವ ಬೆಂಗಳೂರಿನ ಒಂದು ಅಯ್ಯಂಗಾರ್ ಬೇಕರಿಯಲ್ಲಿ ಕೆಲಸಕ್ಕಿದ್ದರು. ಆ ಬೇಕರಿಗಳಿಗೂ ಹಾಸನ ಜಿಲ್ಲೆಗೂ ಇರುವ ನಂಟು ಹಳೆಯದು. ಹಾಸನದ ಕಡೆಯಿಂದ ಹೋದ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಆಮೇಲೆ ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಹುಡುಗರಿಗೆ ಬೆಂಗಳೂರಿನಲ್ಲಿ ಸಿಕ್ಕ ಮೊದಲ ಕೆಲಸವೇ ಬೇಕರಿಯದ್ದು. ಬೇಸಿಗೆ ರಜೆಯಲ್ಲಿ ಮಾವನ ಜೊತೆ ನಾನೂ ಹಿಟ್ಟಿನ ಕೋಣೆಯಲ್ಲಿ ನಿಲ್ಲುತ್ತಿದ್ದೆ. ಮಾವ ಮೈದಾವನ್ನು ನೂರು ಎಂದು ಹಿಡಿದು ಉಳಿದೆಲ್ಲವನ್ನೂ ಅದರ ಲೆಕ್ಕದಲ್ಲಿ ಹೇಳುತ್ತಿದ್ದರು. ನೂರಕ್ಕೆ ಉಪ್ಪು ಎರಡು, ನೀರು ಅರವತ್ತರ ಆಸುಪಾಸು. ಹಿಟ್ಟು 5 ಕಿಲೋ ಇರಲಿ, 50 ಕಿಲೋ ಇರಲಿ, ಬ್ರೆಡ್ ಮಾತ್ರ ಅದೇ. ದೊಡ್ಡ ಹೋಟೆಲುಗಳ ಬೇಕರಿ ವಿಭಾಗದಲ್ಲೂ ಇದೇ ಲೆಕ್ಕ ನಡೆಯುತ್ತದೆ ಎಂದು ಕಾಲೇಜಿನಲ್ಲಿ ತಿಳಿದಾಗ, ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನ ಮಾವನ ಬಗ್ಗೆ ನನಗೆ ಗೌರವ ಇಮ್ಮಡಿಯಾಯಿತು.

ಕಾಲೇಜು ಸೇರುವ ದಾರಿಗಳನ್ನು ಹೇಳಿಬಿಡುತ್ತೇನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿ 1982ರಲ್ಲಿ ಸ್ಥಾಪನೆಯಾದ ಹೋಟೆಲ್ ಮ್ಯಾನೇಜ್‌ಮೆಂಟ್ ಮತ್ತು ಕೇಟರಿಂಗ್ ತಂತ್ರಜ್ಞಾನದ ರಾಷ್ಟ್ರೀಯ ಮಂಡಳಿ ಇದೆ. ಅದರ ಪ್ರವೇಶ ಪರೀಕ್ಷೆ ಬರೆದರೆ ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಸಂಸ್ಥೆಯೂ ಸೇರಿ ದೇಶದ ಹಲವೆಡೆ ಮೂರು ವರ್ಷದ ಬಿ.ಎಸ್ಸಿ. ಪದವಿಗೆ ಸೇರಬಹುದು. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದಿದ್ದರೂ ನಡೆಯುತ್ತದೆ, ಇಂಗ್ಲಿಷ್ ಒಂದು ವಿಷಯವಾಗಿರಬೇಕು. ನಾನು ಬರೆದ ಕಾಲದಲ್ಲಿ 200 ಪ್ರಶ್ನೆಗಳಿದ್ದವು, ಅದರಲ್ಲಿ ಇಂಗ್ಲಿಷಿನದ್ದೇ 60. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅಡುಗೆಗಿಂತ ಆ ಅರವತ್ತೇ ದೊಡ್ಡ ಪರೀಕ್ಷೆಯಾಗಿತ್ತು. ಆದ್ದರಿಂದ ನಮ್ಮ ಊರ ಮಕ್ಕಳಿಗೆ ನಾನು ಹೇಳುವುದು, ಪ್ರಥಮ ಪಿಯುಸಿಯಿಂದಲೇ ದಿನಕ್ಕೊಂದು ಪುಟ ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದಿ.

ಒಂದು ಮಾತು ಅನೇಕರಿಗೆ ಗೊತ್ತಿರುವುದಿಲ್ಲ. ಈ ಬಿ.ಎಸ್ಸಿ.ಯಲ್ಲಿ ಅಡುಗೆ ನಾಲ್ಕರಲ್ಲಿ ಒಂದು ಭಾಗ. ಬಡಿಸುವ ವಿಭಾಗ, ಸ್ವಾಗತ ವಿಭಾಗ, ಕೋಣೆಗಳ ನಿರ್ವಹಣೆ ಉಳಿದ ಮೂರು. ಹೋಟೆಲನ್ನು ಇಡಿಯಾಗಿ ತಿಳಿಯಬೇಕೆನ್ನುವವರಿಗೆ ಇದು ಒಳ್ಳೆಯದು. ಒಲೆಯ ಮುಂದೆಯೇ ನಿಲ್ಲಬೇಕೆನ್ನುವವರಿಗೆ ಮಣಿಪಾಲದ ವೆಲ್ಕಮ್‌ಗ್ರೂಪ್ ಹೋಟೆಲ್ ಆಡಳಿತ ಕಾಲೇಜಿನಲ್ಲಿ ಪಾಕಕಲೆಯದ್ದೇ ಪದವಿ ಇದೆ, ತಿರುಪತಿ ಮತ್ತು ನೊಯಿಡಾದ ಇಂಡಿಯನ್ ಕಲಿನರಿ ಇನ್‌ಸ್ಟಿಟ್ಯೂಟ್‌ಗಳಿವೆ. ಹತ್ತನೇ ತರಗತಿ ಮುಗಿಸಿದವರಿಗೆ ಐಟಿಐನಲ್ಲಿ ಆಹಾರ ತಯಾರಿಕೆಯ ಒಂದು ವರ್ಷದ ತರಬೇತಿ ಇದೆ. ಪದವಿಯವರು ಕೀಳಾಗಿ ಕಾಣುತ್ತಾರೆಂದು ಅದನ್ನು ಬಿಡಬೇಡಿ. ನಾನು ಕೆಲಸ ಮಾಡಿದ ಅಡುಗೆಮನೆಗಳಲ್ಲಿ ಅತ್ಯಂತ ಚುರುಕಾದ ಕೈಗಳಲ್ಲಿ ಕೆಲವು ಐಟಿಐನಿಂದ ಬಂದವು.

ಮೊದಲ ವರ್ಷ ತರಕಾರಿ ಹೆಚ್ಚುವುದೇ ಹೆಚ್ಚು. ಕ್ಯಾರೆಟ್ಟನ್ನು ಕಡ್ಡಿಯಂತೆ ಹೆಚ್ಚಿದರೆ ಜೂಲಿಯನ್, ಅದನ್ನೇ 3 ಮಿಲಿಮೀಟರಿನ ಚೌಕಗಳಾಗಿ ಕತ್ತರಿಸಿದರೆ ಬ್ರುನ್ವಾಜ್. ಅಂದಕ್ಕಾಗಿ ಹೀಗೆ ಹೆಚ್ಚುತ್ತಾರೆ ಎಂದು ಹೊರಗಿನವರು ತಿಳಿಯುತ್ತಾರೆ. ಎಲ್ಲ ತುಂಡುಗಳೂ ಒಂದೇ ಗಾತ್ರದಲ್ಲಿದ್ದರೆ ಎಲ್ಲವೂ ಒಂದೇ ಹೊತ್ತಿಗೆ ಬೇಯುತ್ತವೆ, ಅದು ಅಸಲು ಕಾರಣ. ಆಮೇಲೆ ಮೂಳೆ ಬೇಯಿಸಿ ತೆಗೆದ ರಸವಾದ ಸ್ಟಾಕ್, ಬೆಣ್ಣೆ ಮತ್ತು ಮೈದಾವನ್ನು ಸಮತೂಕದಲ್ಲಿ ಹುರಿದ ‘ರೂ’ ಎಂಬ ಮಿಶ್ರಣ, ಅದರಿಂದ ಬೆಷಮೆಲ್, ವೆಲುಟೆ ಮುಂತಾದ ಮೂಲ ಸಾಸ್‌ಗಳು. ಫ್ರೆಂಚ್ ಹೆಸರುಗಳಿಗೆ ಹೆದರಬೇಕಾಗಿಲ್ಲ. ಸ್ಟಾಕ್ ಕುದಿಯಬಾರದು, ಸಣ್ಣ ಉರಿಯಲ್ಲಿ ಮೆಲ್ಲಗೆ ಕಾಯಬೇಕು, ಮೇಲೆ ಬಂದ ನೊರೆಯನ್ನು ತೆಗೆಯುತ್ತಿರಬೇಕು ಎಂದು ಶಿಕ್ಷಕರು ಹೇಳಿದಾಗ, ಕಾಲು ಸೂಪಿನ ಪಾತ್ರೆಯ ಮುಂದೆ ಕೂರುತ್ತಿದ್ದ ನಮ್ಮಜ್ಜಿ ಮಾಡುತ್ತಿದ್ದದ್ದೂ ಅದೇ ಎಂದು ನನಗೆ ಹೊಳೆಯಿತು.

ಆಹಾರ ಸುರಕ್ಷತೆಯ ಪಾಠವನ್ನು ಹುಡುಗರು ನಿದ್ದೆಗಣ್ಣಿನಲ್ಲಿ ಕೇಳುತ್ತಾರೆ. ನನ್ನ ಮಟ್ಟಿಗೆ ಇಡೀ ಓದಿನಲ್ಲಿ ಅದಕ್ಕಿಂತ ಬೆಲೆಯುಳ್ಳ ಪಾಠ ಇನ್ನೊಂದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಬಿಸಿಯದ್ದು ಬಿಸಿಯಾಗಿಯೇ ಇರಬೇಕು, ತಣ್ಣಗಿನದು ತಣ್ಣಗೇ ಇರಬೇಕು. ಅನ್ನವನ್ನೇ ತೆಗೆದುಕೊಳ್ಳಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯದೆ ಉಳಿಯಬಲ್ಲವು. ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿದ್ದು ಅವು ಬೆಳೆದು ವಿಷ ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಬೇಗ ತಣಿಸಿ ಫ್ರಿಜ್‌ಗೆ ಇಡುತ್ತೇವೆ. ನೂರಾರು ಜನರ ಹೊಟ್ಟೆ ನಮ್ಮ ಕೈಯಲ್ಲಿರುತ್ತದೆ ಎಂಬ ಭಯಭಕ್ತಿ ಇಲ್ಲದವರು ಈ ಕೆಲಸಕ್ಕೆ ಬರಬಾರದು.

ಓದಿನ ನಡುವೆ ಕೆಲವು ತಿಂಗಳು ಹೋಟೆಲಿನಲ್ಲಿ ತರಬೇತಿ ಕಡ್ಡಾಯ. ಓದು ಮುಗಿದ ಮೇಲೆ ಬೆಂಗಳೂರಿನ ಒಂದು ಹೋಟೆಲಿನಲ್ಲಿ ‘ಕಮ್ಮಿ’ (commis), ಅಂದರೆ ಕಿರಿಯ ಅಡುಗೆಯವನಾಗಿ ಸೇರಿದೆ. ಅದು ಅಡುಗೆಮನೆಯ ಮೊದಲ ಮೆಟ್ಟಿಲು. ಅಲ್ಲಿಂದ ಡೆಮಿ ಶೆಫ್, ಒಂದು ವಿಭಾಗದ ಹೊಣೆ ಹೊತ್ತ ಶೆಫ್ ದ ಪಾರ್ಟಿ, ಸೂ ಶೆಫ್, ಕೊನೆಗೆ ಎಕ್ಸಿಕ್ಯೂಟಿವ್ ಶೆಫ್. ಟಿ.ವಿ.ಯಲ್ಲಿ ಕಾಣುವುದು ಕೊನೆಯ ಮೆಟ್ಟಿಲು ಮಾತ್ರ. ಮೊದಲ ವರ್ಷಗಳ ಸಂಬಳದಲ್ಲಿ ನಾಲ್ವರು ಸೇರಿ ಒಂದು ಕೋಣೆ ಹಿಡಿದಿದ್ದೆವು. ಊಟ ಹೋಟೆಲಿನದ್ದೇ ಆದ್ದರಿಂದ ಬದುಕು ಸಾಗಿತು. ನಿಂತು ನಿಂತು ಕಾಲಿನ ನರ ಉಬ್ಬುತ್ತದೆ, ಮುಂಗೈ ಮೇಲೆ ಓವನ್ ತಟ್ಟೆಯ ಸುಟ್ಟ ಗೆರೆಗಳು ಉಳಿಯುತ್ತವೆ. ಊರೆಲ್ಲ ಹಬ್ಬ ಮಾಡುವಾಗ ನಮಗೆ ಕೈತುಂಬ ಕೆಲಸ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ದೀಪಾವಳಿಯ ಆಸುಪಾಸು. ಹೋಟೆಲುಗಳಲ್ಲಿ ರಜೆ ಸಿಗದ ಹೊತ್ತೂ ಅದೇ. ಅಮ್ಮ ಪ್ರತಿ ವರ್ಷ ಕರೆಯುತ್ತಿದ್ದರು, ಎಷ್ಟೋ ವರ್ಷ ನನಗೆ ಹೋಗಲಾಗಲಿಲ್ಲ. ಇದನ್ನು ತಂದೆ ತಾಯಿಯರಿಗೆ ಮೊದಲೇ ಹೇಳುತ್ತೇನೆ, ಆಮೇಲೆ ನೊಂದುಕೊಳ್ಳಬಾರದು.

ಈಗ ಸಕಲೇಶಪುರದ ಬಳಿಯ ಒಂದು ರೆಸಾರ್ಟಿನ ಅಡುಗೆಮನೆ ನನ್ನ ಹೊಣೆ. ಓದು ಏಕೆ ಬೇಕು ಎಂಬುದು ನನಗೆ ಪೂರ್ತಿ ಅರ್ಥವಾದದ್ದು ಇಲ್ಲಿ. ಅತಿಥಿಗಳು ಕೇಳುವುದು ಮಲೆನಾಡಿನ ಊಟ. ಅಕ್ಕಿ ತರಿಯ ಕಡುಬು, ಕೋಳಿ ಸಾರು, ಕಳಲೆ (ಎಳೆ ಬಿದಿರಿನ ಮೊಳಕೆ) ಪಲ್ಯ, ಕೆಸುವಿನ ಎಲೆಯ ಪತ್ರೊಡೆ. ಇವುಗಳನ್ನು ಬಲ್ಲವರು ನಮ್ಮಲ್ಲಿ ಅಡುಗೆಗಿರುವ ಒಬ್ಬ ಹಿರಿಯರು. ನಾನು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತೇನೆ. ಅವರು ಇದ್ದ ದಿನ ಕಡುಬು ಹೂವಿನಷ್ಟು ಮೃದು, ಅವರು ರಜೆ ಹಾಕಿದ ದಿನ ಗಟ್ಟಿ. ಒಂದು ಮಧ್ಯಾಹ್ನ ತಕ್ಕಡಿ ಹಿಡಿದು ಅವರ ಪಕ್ಕ ನಿಂತೆ.

"ದೊಡ್ಡಮ್ಮ, ನೀರು ಎಷ್ಟು ಹಾಕುತ್ತೀರಿ?"

"ಅಕ್ಕಿ ಕೇಳಿದಷ್ಟು ಹಾಕುತ್ತೇನಪ್ಪ. ಹಳೆ ಅಕ್ಕಿ ಹೆಚ್ಚು ಕೇಳುತ್ತದೆ, ಹೊಸದು ಕಡಿಮೆ ಕೇಳುತ್ತದೆ."

ಈ ಒಂದು ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಹಳೆಯ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ ಎಂಬುದು ನಿಜವಾದ ಸಂಗತಿ. ಅವರು ಹಾಕುವ ಪ್ರತಿ ಹಿಡಿಯನ್ನೂ ಹಾಕುವ ಮೊದಲು ತೂಗಿ ಬರೆದುಕೊಂಡೆ. ತರಿಯನ್ನು ಎಷ್ಟು ಸಣ್ಣಗೆ ಒಡೆಯುತ್ತಾರೆಂದು ಜರಡಿ ಹಿಡಿದು ನೋಡಿದೆ. ಹಳೆ ಅಕ್ಕಿಯ ತರಿ ಒಂದು ಅಳತೆಗೆ ನೀರು ಎರಡು ಅಳತೆ, ಹೊಸ ಅಕ್ಕಿಗೆ ಅದಕ್ಕಿಂತ ತುಸು ಕಡಿಮೆ, ಉಪ್ಪು ಇಷ್ಟು ಗ್ರಾಂ, ಉಂಡೆ ಇಷ್ಟು ತೂಕ, ಹಬೆಯಲ್ಲಿ 20 ನಿಮಿಷ. ಇದು ರೆಸಿಪಿ ಕಾರ್ಡ್ ಆಗಿ ಗೋಡೆಯ ಮೇಲಿದೆ, ಮೇಲ್ಗಡೆ ದೊಡ್ಡಮ್ಮನ ಹೆಸರಿದೆ. ಬಿಹಾರದಿಂದ ಬಂದ ಹುಡುಗನೂ ಈಗ ಅದನ್ನು ನೋಡಿಕೊಂಡು ಒಳ್ಳೆಯ ಕಡುಬು ಮಾಡುತ್ತಾನೆ. ಹೀಗೆ ಅಳೆದರೆ ಕೈರುಚಿ ಕೆಡುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರೆದಿಡದ ಕೈರುಚಿ ಆ ಕೈಯ ಜೊತೆಗೇ ಹೋಗಿಬಿಡುತ್ತದೆ, ನಮ್ಮ ಅಜ್ಜಿಯರ ಎಷ್ಟೋ ಅಡುಗೆಗಳು ಹಾಗೆ ಹೋಗಿವೆ.

ಕಳಲೆಯ ವಿಷಯವೂ ಹೀಗೆಯೇ. ಹೆಚ್ಚಿದ ಕಳಲೆಯನ್ನು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಆಮೇಲೆ ಬೇಯಿಸಬೇಕೆಂಬುದು ಮಲೆನಾಡಿನ ಮನೆಮನೆಗೂ ಗೊತ್ತು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ನೆನೆಸಿದ ನೀರಿನಲ್ಲೂ ತೆರೆದ ಪಾತ್ರೆಯ ಕುದಿಯಲ್ಲೂ ಅದು ಹೊರಟುಹೋಗುತ್ತದೆ ಎಂಬುದು ನಾನು ಓದಿ ತಿಳಿದದ್ದು. ಕೆಸುವಿನ ಎಲೆಯ ತುರಿಕೆಗೆ ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಾರಣ, ಅದಕ್ಕೇ ಪತ್ರೊಡೆಗೆ ಹುಳಿ ಹೆಚ್ಚು, ಬೇಯಿಸುವ ಹೊತ್ತೂ ಹೆಚ್ಚು. ಕಾರಣ ಗೊತ್ತಿದ್ದರೆ, ಆತುರಪಟ್ಟು ಒಂದು ದಿನ ನೆನೆಸಿದರೆ ಸಾಲದೇ ಎಂದು ಕೇಳುವ ಹೊಸ ಹುಡುಗನಿಗೆ ಸರಿಯಾದ ಉತ್ತರ ಕೊಡಬಹುದು.

ಇನ್ನು ಲೆಕ್ಕ. ಕಳಲೆಯನ್ನು ಕಿಲೋಗೆ 100 ರೂಪಾಯಿಯಂತೆ ಕೊಂಡು, ಸುಲಿದ ಮೇಲೆ 400 ಗ್ರಾಂ ಉಳಿದರೆ ಅದರ ನಿಜವಾದ ಬೆಲೆ ಕಿಲೋಗೆ 250 ರೂಪಾಯಿ. ಇದನ್ನು ಹಿಡಿಯದೆ ಬೆಲೆಪಟ್ಟಿ ಬರೆದರೆ ರುಚಿ ಎಷ್ಟೇ ಇದ್ದರೂ ಹೋಟೆಲ್ ಮುಚ್ಚುತ್ತದೆ. ಒಂದು ತಟ್ಟೆಯ ಸಾಮಗ್ರಿಗೆ 60 ರೂಪಾಯಿ ಬಿದ್ದರೆ ನಾನು 200ರ ಹತ್ತಿರ ಬೆಲೆ ಇಡುತ್ತೇನೆ. ಉಳಿದದ್ದರಲ್ಲಿ ಗ್ಯಾಸ್, ಸಂಬಳ, ಬಾಡಿಗೆ, ಹಾಳಾಗುವ ಸಾಮಾನು ಎಲ್ಲ ಹೋಗಬೇಕು. ಹೋಂಸ್ಟೇ ನಡೆಸುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳಿಕೊಡುವುದು ಈ ಲೆಕ್ಕವನ್ನೇ. ಅಡುಗೆಯಲ್ಲಿ ಅವರು ನನಗಿಂತ ಮುಂದಿದ್ದಾರೆ.

ಹೋಟೆಲ್ ಬಿಟ್ಟು ಬೇರೆ ದಾರಿಗಳೂ ಇವೆ. ನನ್ನ ಜೊತೆ ಓದಿದವರಲ್ಲಿ ಒಬ್ಬಳು ದೇವನಹಳ್ಳಿಯ ಬಳಿ ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯಲ್ಲಿದ್ದಾಳೆ. ಒಬ್ಬ ಪ್ರವಾಸಿ ಹಡಗಿನಲ್ಲಿದ್ದಾನೆ. ಅದಕ್ಕೆ ಸಮುದ್ರ ಸುರಕ್ಷತೆಯ ತರಬೇತಿ, ವೈದ್ಯಕೀಯ ಪರೀಕ್ಷೆ ಬೇಕು, ತಿಂಗಳುಗಟ್ಟಲೆ ನೀರಿನ ಮೇಲೆ ಇರಬೇಕು. ಇನ್ನೊಬ್ಬಳು ಆಸ್ಪತ್ರೆಯ ಪಥ್ಯದ ಅಡುಗೆಮನೆ ನೋಡಿಕೊಳ್ಳುತ್ತಾಳೆ. ಪೋಷಣೆಯ ಕಡೆ ಒಲವಿರುವ ಹುಡುಗಿಯರಿಗೆ ಹಾಸನದಲ್ಲೇ ಸರ್ಕಾರಿ ಗೃಹವಿಜ್ಞಾನ ಕಾಲೇಜಿದೆ. ಆಹಾರ ಕಂಪನಿಗಳಲ್ಲಿ ಹೊಸ ಪದಾರ್ಥ ರೂಪಿಸುವ ಕೆಲಸಕ್ಕೂ ಅಡುಗೆ ಬಲ್ಲವರನ್ನು ತೆಗೆದುಕೊಳ್ಳುತ್ತಾರೆ. ಕಾಫಿ ತೋಟದ ಮನೆಗಳ ಮಕ್ಕಳು ಒಂದನ್ನು ಗಮನಿಸಬೇಕು. ಕಾಫಿ ಮಂಡಳಿ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಅದರ ಒಂದು ಭಾಗ ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ನಡೆಯುತ್ತದೆ. ಬೀಜ ಹುರಿಯುವುದು, ರುಚಿ ನೋಡಿ ಅಂಕ ಕೊಡುವುದು ಈಗ ಬೇಡಿಕೆಯಿರುವ ಉದ್ಯೋಗ, ಹುಟ್ಟಿನಿಂದ ಕಾಫಿ ಹೂವಿನ ಗಂಧ ಬಲ್ಲ ನಮ್ಮ ಮಕ್ಕಳು ಅಲ್ಲಿ ಕಡಿಮೆ ಇದ್ದಾರೆ ಎಂಬ ಕೊರಗು ನನಗಿದೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಅಡುಗೆ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಲು ಹೇಳಿ. ಒಂದು ಒಲೆಗೆ ಎಷ್ಟು ವಿದ್ಯಾರ್ಥಿಗಳು, ವಾರಕ್ಕೆ ಎಷ್ಟು ಗಂಟೆ ಪ್ರಾಯೋಗಿಕ ತರಗತಿ, ಪ್ರತಿಯೊಬ್ಬರೂ ಪೂರ್ತಿ ಅಡುಗೆ ಮಾಡುತ್ತಾರೋ ಅಥವಾ ಹತ್ತು ಜನ ನಿಂತು ಒಬ್ಬರು ಮಾಡುವುದನ್ನು ನೋಡುತ್ತಾರೋ, ತರಬೇತಿಗೆ ಯಾವ ಹೋಟೆಲುಗಳಿಗೆ ಕಳಿಸುತ್ತಾರೆ, ಕಳೆದ ವರ್ಷ ಓದಿ ಹೋದ ಇಬ್ಬರ ಜೊತೆ ಮಾತನಾಡಬಹುದೇ ಎಂದು ಕೇಳಿ. ಖಾಸಗಿ ಕಾಲೇಜಾದರೆ ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು ಎಂದು ಕಾಗದದಲ್ಲೇ ನೋಡಿ, ಬಾಯಿಮಾತು ಸಾಲದು. ಶುಲ್ಕ ಕಟ್ಟುವ ಮೊದಲು ಮಗುವನ್ನು ಊರಿನ ಯಾವುದಾದರೂ ಹೋಟೆಲಿನಲ್ಲಿ, ಇಲ್ಲವೇ ಮದುವೆ ಅಡುಗೆಯವರ ಜೊತೆ, ಒಂದೆರಡು ವಾರ ಕೆಲಸಕ್ಕೆ ಕಳಿಸಿ. ಬೆಳಗಿನ ನಾಲ್ಕಕ್ಕೆ ಎದ್ದು ಈರುಳ್ಳಿ ಹೆಚ್ಚಿ, ರಾತ್ರಿ ಪಾತ್ರೆ ಎತ್ತಿಟ್ಟು ಬಂದು, ಮರುದಿನವೂ ತಾನಾಗಿಯೇ ಹೊರಟು ನಿಂತರೆ ಧೈರ್ಯವಾಗಿ ಅರ್ಜಿ ಹಾಕಿಸಿ.