ಹೆದರಿಕೆಗೆ ಎಕ್ಸ್‌ರೇ ಇಲ್ಲ: ಅಪಘಾತದ ಕೇಸಿಗೆ ಮಾನಸಿಕ ತಪಾಸಣೆ ಮಾಡಿಸುವುದು ಹೇಗೆ?

ಕಾಲು ಮುರಿದರೆ ಎಕ್ಸ್‌ರೇ ಇರುತ್ತದೆ, ಪ್ಲೇಟ್ ಹಾಕಿಸಿದ್ದಕ್ಕೆ ಬಿಲ್ಲಿರುತ್ತದೆ. ಹೆದ್ದಾರಿಯಲ್ಲಿ ಲಾರಿ ಗುದ್ದಿದ ಮೇಲೆ ಸ್ಕೂಟರ್ ಮುಟ್ಟಲೂ ಹೆದರಿ ಮನೆಯಲ್ಲೇ ಕುಳಿತವರ ಕೈಯಲ್ಲಿ ಏನಿದೆ? ಕಾಸರಗೋಡಿನಲ್ಲಿ ಎಂಎಸಿಟಿ (ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್) ಕೇಸು ಹಾಕುವಾಗ ಮೂಳೆಯ ಲೆಕ್ಕ ಚೊಕ್ಕವಾಗಿ ಕೊಟ್ಟು, ನಿದ್ದೆಗೆಟ್ಟ ರಾತ್ರಿಗಳ ಮಾತೇ ಎತ್ತದವರಿದ್ದಾರೆ. ಕಾನೂನು ಅದನ್ನು ಕಡೆಗಣಿಸಿಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ (2010) ಸುಪ್ರೀಂ ಕೋರ್ಟ್ ಪರಿಹಾರದ ಬಾಬ್ತುಗಳನ್ನು ಪಟ್ಟಿ ಮಾಡುವಾಗ ನೋವು, ಸಂಕಟ, ಆಘಾತ ಎಂಬುದನ್ನೂ ಸೇರಿಸಿದೆ. ಆದರೆ ಕೇಳಿದ ಮಾತ್ರಕ್ಕೆ ಸಿಗದು, ದಾಖಲೆ ಬೇಕು.

ಆ ದಾಖಲೆ ಶುರುವಾಗುವುದು ಒಪಿ ಚೀಟಿಯಲ್ಲಿ. ಹೊಲಿಗೆ ಬಿಚ್ಚಿಸಲು ಹೋದಾಗಲೇ ಡಾಕ್ಟರಿಗೆ ಹೇಳಿ: ನಿದ್ದೆ ಇಲ್ಲ, ಹಾರ್ನ್ ಕೇಳಿದರೆ ಎದೆ ಡವಡವ ಅನ್ನುತ್ತದೆ. ಅವರು ಒಂದು ಸಾಲು ಬರೆದರೂ ಅದಕ್ಕೆ ತಾರೀಕು ಇರುತ್ತದೆ. ಮೊದಲ ವಾರಗಳ ಗಾಬರಿ ಬಹಳ ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಅದೇ ದೃಶ್ಯ ಮತ್ತೆ ಮತ್ತೆ ಕಣ್ಣೆದುರು ಬರುವುದು, ಆ ದಾರಿಯನ್ನೇ ತಪ್ಪಿಸುವುದು, ಮನಸ್ಸು ಮಂಕಾಗುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಇವೆಲ್ಲ ಒಂದು ತಿಂಗಳು ದಾಟಿಯೂ ಉಳಿದು, ದಿನದ ಬದುಕಿಗೆ ಅಡ್ಡಿಯಾದರೆ ಪಿಟಿಎಸ್‌ಡಿ (ಆಘಾತದ ಬಳಿಕ ಉಳಿಯುವ ಮಾನಸಿಕ ತೊಂದರೆ) ಇರಬಹುದೇ ಎಂದು ವೈದ್ಯರು ನೋಡುತ್ತಾರೆ. ಆಗ ತಡ ಮಾಡಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಅರ್ಜಿಗೆ ಅಪಘಾತದ ದಿನದಿಂದ 6 ತಿಂಗಳ ಗಡುವು ಹಾಕಿದೆ. ಈ ಭಾಗ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಿಂದ. ವರದಿ ಕೈಗೆ ಬರಲಿ ಎಂದು ಅರ್ಜಿಯನ್ನು ಕಾಯಿಸಬೇಕಿಲ್ಲ. ಅರ್ಜಿಯಲ್ಲಿ ತೊಂದರೆಯನ್ನು ಬರೆಸಿ, ವರದಿಯನ್ನು ಸಾಕ್ಷ್ಯದ ಹಂತದಲ್ಲಿ ಕೊಡಬಹುದು. ಅಪಘಾತ ಮಂಗಳೂರಿನಲ್ಲಿ ಆಗಿದ್ದರೂ ನೀವು ಕಾಸರಗೋಡಿನ ವಾಸಿಯಾದರೆ ಇಲ್ಲೇ ಅರ್ಜಿ ಹಾಕಬಹುದು.

ಯಾರ ಹತ್ತಿರ ಹೋಗಬೇಕು?

ರೋಗ ಇಂಥದ್ದೆಂದು ಹೇಳಿ ಮದ್ದು ಬರೆಯುವವರು ಮನೋವೈದ್ಯರು. ಪರೀಕ್ಷೆಗಳನ್ನು ನಡೆಸಿ ಅಂಕ ಹಾಕುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕೌನ್ಸೆಲಿಂಗ್ ಎಂದು ಬೋರ್ಡು ಹಾಕಿದವರೆಲ್ಲ ಈ ಸಾಲಿಗೆ ಸೇರುವುದಿಲ್ಲ, ಹಾಗಾಗಿ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಕೇಸಿಗಾಗಿ ಒಂದೇ ಸಲ ನೋಡಿದವರಿಗಿಂತ ಚಿಕಿತ್ಸೆ ಕೊಟ್ಟವರ ಮಾತಿಗೆ ತೂಕ ಹೆಚ್ಚು. ಚಿಕಿತ್ಸೆಯನ್ನೇ ಕೊಡದೆ ಸಿದ್ಧ ಸರ್ಟಿಫಿಕೇಟ್ ಬರೆದುಕೊಡುವ ವೈದ್ಯರ ವಿಷಯದಲ್ಲಿ ಎಚ್ಚರವಿರಲಿ ಎಂದು ಮೇಲೆ ಹೇಳಿದ ತೀರ್ಪೇ ಟ್ರಿಬ್ಯೂನಲ್‌ಗಳಿಗೆ ತಿಳಿಸಿದೆ. ವಿಚಾರಣೆಯ ಮುನ್ನಾ ವಾರ ಮಂಗಳೂರಿಗೆ ಓಡಿ ತಂದ ಕಾಗದ ನನ್ನ ದೃಷ್ಟಿಯಲ್ಲಿ ದಂಡದ ಖರ್ಚು.

ಹೋಗುವಾಗ ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಹಳೆಯ ಮದ್ದಿನ ಚೀಟಿಗಳ ಜತೆ ಮನೆಯವರೊಬ್ಬರನ್ನೂ ಕರೆದುಕೊಂಡು ಹೋಗಿ. ರಾತ್ರಿ ನೀವು ಬೊಬ್ಬೆ ಹೊಡೆದು ಎದ್ದದ್ದು ನಿಮಗಿಂತ ಹೆಂಡತಿಗೋ ಅಮ್ಮನಿಗೋ ಚೆನ್ನಾಗಿ ಗೊತ್ತಿರುತ್ತದೆ.

ಸಂದರ್ಶನ

ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು, ಒಂದೇ ಸಲಕ್ಕೆ ಮುಗಿಯದಿರಬಹುದು. ಮೊದಲಿಗೆ ಭಾಷೆಯ ಮಾತು. ಪೆರ್ಲ, ಬದಿಯಡ್ಕ ಕಡೆಯವರು ಮಲಯಾಳ ಮಾತ್ರ ಬಲ್ಲ ಡಾಕ್ಟರೆದುರು ಹರಕುಮುರಕು ಮಲಯಾಳದಲ್ಲಿ ‘ಕುಳಪ್ಪಮಿಲ್ಲ’ ಎಂದು ಎದ್ದುಬಂದರೆ ಚೀಟಿಯಲ್ಲಿ ಬೀಳುವುದೂ ತೊಂದರೆ ಇಲ್ಲ ಎಂದೇ. ಕನ್ನಡವೋ ತುಳುವೋ, ಸರಾಗವಾಗಿ ಬರುವ ಭಾಷೆಯಲ್ಲೇ ಹೇಳುತ್ತೇನೆ ಎಂದು ಮೊದಲೇ ತಿಳಿಸಿ. ಆ ಭಾಷೆ ಬಲ್ಲ ನರ್ಸ್ ಇದ್ದರೆ ಕರೆಸಲು ಕೇಳಿ. ಯಾವ ಭಾಷೆಯಲ್ಲಿ ಮಾತು ನಡೆಯಿತು ಎಂಬುದು ವರದಿಯಲ್ಲಿ ಬರಲಿ.

ಡಿಪ್ರೆಶನ್ ಎಂಬಂಥ ದೊಡ್ಡ ಪದ ಬೇಕಿಲ್ಲ. ಮೊದಲು ಏನು ಮಾಡುತ್ತಿದ್ದಿರಿ, ಈಗ ಯಾವುದು ಆಗುತ್ತಿಲ್ಲ ಎಂದು ಹೇಳಿದರೆ ಸಾಕು. ಉಪ್ಪಳದ ಆಟೋ ಚಾಲಕರೊಬ್ಬರು ಹೆದ್ದಾರಿಯ ಬಾಡಿಗೆ ಬಿಟ್ಟು ಒಳರಸ್ತೆಯಲ್ಲೇ ಓಡಿಸುತ್ತಿದ್ದಾರೆ ಎನ್ನೋಣ. ಅವರ ಹೆದರಿಕೆಯೂ ದುಡಿಮೆಯ ನಷ್ಟವೂ ಆ ಒಂದೇ ಮಾತಿನಲ್ಲಿ ಬಂದುಬಿಡುತ್ತದೆ. ಮೊದಲೇ ಮಾನಸಿಕ ಚಿಕಿತ್ಸೆ ಪಡೆದಿದ್ದರೆ, ಕುಡಿತವಿದ್ದರೆ ಮುಚ್ಚಿಡಬೇಡಿ. ಇನ್ಶೂರೆನ್ಸ್ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಹೊರಗೆಳೆದರೆ ನಿಜ ಹೇಳಿದ್ದನ್ನೂ ಯಾರೂ ನಂಬುವುದಿಲ್ಲ.

ಬಳಿಕ ಪ್ರಶ್ನಾವಳಿ. ಪಿಟಿಎಸ್‌ಡಿ ಲಕ್ಷಣ ಅಳೆಯುವ ಪಿಸಿಎಲ್-5 ಎಂಬುದರಲ್ಲಿ 20 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 80. ಅಂಕ ಹೆಚ್ಚು ಬಂತೆಂದ ಮಾತ್ರಕ್ಕೆ ರೋಗ ಖಚಿತವಾಗದು. ಸಂದರ್ಶನ, ಮನೆಯವರ ಮಾತು, ಆಸ್ಪತ್ರೆಯ ಕಾಗದ ಎಲ್ಲ ತಾಳೆಯಾಗಬೇಕು. ಎಲ್ಲದಕ್ಕೂ 4 ಹಾಕಿದರೆ ಲಾಭ ಎಂದುಕೊಳ್ಳುವವರುಂಟು, ಪರಿಣತರಿಗೆ ಮೊದಲು ಅನುಮಾನ ಬರುವುದೇ ಅಲ್ಲಿ. ತಲೆಗೆ ಏಟು ಬಿದ್ದಿದ್ದರೆ ನೆನಪು, ಗಮನದ ಪರೀಕ್ಷೆಗಳನ್ನು ಬೇರೆಯಾಗಿ ಮಾಡಿಸಬೇಕು. ಮರೆವು ಮಿದುಳಿನ ಗಾಯದ್ದೋ ಆಘಾತದ್ದೋ ಎಂಬುದಕ್ಕೆ ಚಿಕಿತ್ಸೆಯೂ ಬೇರೆ, ಪರಿಹಾರದ ಲೆಕ್ಕವೂ ಬೇರೆ.

ವರದಿ ಕೈಗೆ ಬಂದಾಗ

ರೋಗದ ಹೆಸರಷ್ಟೇ ಇದ್ದರೆ ಸಾಲದು. ಅಪಘಾತಕ್ಕೂ ಈ ತೊಂದರೆಗೂ ಏನು ಸಂಬಂಧ, ಮೊದಲು ಹೇಗಿದ್ದರು, ಕೆಲಸಕ್ಕೆ ಎಷ್ಟು ಅಡ್ಡಿ, ಮುಂದೆ ಎಷ್ಟು ಕಾಲ ಚಿಕಿತ್ಸೆ, ಅದಕ್ಕೆ ಎಷ್ಟು ಖರ್ಚು, ಇಷ್ಟೂ ಇದೆಯೇ ನೋಡಿ. ಮಾನಸಿಕ ಅಂಗವೈಕಲ್ಯ ಅಳೆಯಲು ಬಳಸುವ ಐಡಿಯಾಸ್ ಮಾಪಕ ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕನ್ನು ನೋಡುತ್ತದೆ. ಅಲ್ಲಿ ಬಂದ ಶೇಕಡಾವಾರು ನೇರವಾಗಿ ಗಳಿಕೆಯ ನಷ್ಟದ ಶೇಕಡಾ ಆಗುವುದಿಲ್ಲ. ನಿಮ್ಮ ಉದ್ಯೋಗಕ್ಕೆ ಅದರಿಂದ ಎಷ್ಟು ಪೆಟ್ಟು ಎಂಬುದನ್ನು ಟ್ರಿಬ್ಯೂನಲ್ ಬೇರೆಯೇ ತೀರ್ಮಾನಿಸುತ್ತದೆ.

ವರದಿ ಸಿಕ್ಕಿತೆಂದು ಚಿಕಿತ್ಸೆ ನಿಲ್ಲಿಸಿದರೆ, ವಾಸಿಯಾಯಿತಲ್ಲ ಎಂಬ ಪ್ರಶ್ನೆ ಬರುತ್ತದೆ. ಆಸ್ಪತ್ರೆ ಕಾಗದ ಕೊಡಲು ಸತಾಯಿಸಿದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಂ ಉಲ್ಲೇಖಿಸಿ ಬರೆದುಕೊಡಿ. ತಮ್ಮ ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು. ವಕೀಲರ ಫೀಸಿಗೆ ಗತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾಗುವುದಾದರೆ ಸಹಿ ಹಾಕುವ ಮೊದಲು ಆ ಮೊತ್ತದಲ್ಲಿ ಮುಂದಿನ ಮಾನಸಿಕ ಚಿಕಿತ್ಸೆಯ ಖರ್ಚೂ ಸೇರಿದೆಯೇ ಎಂದು ವಕೀಲರಲ್ಲಿ ಕೇಳಿ. ಆ ತೀರ್ಪಿನ ಮೇಲೆ ಅಪೀಲು ಇಲ್ಲ.